ಮಾವನವರು ಆಪೋಶನ ತೆಗೆದುಕೊಂಡ ಮೇಲೆ

ನಮ್ಮ ಮಾವನವರು ಊಟದ ನಡುವೆ ಮಾತಾಡುತ್ತಿರಲಿಲ್ಲ. ಎಲೆಯ ಸುತ್ತ ನೀರು ಕಟ್ಟಿ, ಅಂಗೈಯಲ್ಲಿ ಒಂದು ಗುಟುಕು ನೀರು ಹಿಡಿದು ಕುಡಿದರೆಂದರೆ ಆಯಿತು. ಅದಕ್ಕೆ ಆಪೋಶನ ಎನ್ನುತ್ತಾರೆ. ಅಲ್ಲಿಂದ ಮುಂದೆ, ಕೊನೆಯಲ್ಲಿ ಇನ್ನೊಂದು ಗುಟುಕು ನೀರು ಕುಡಿದು ಏಳುವ ತನಕ, ಅವರ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ನಡುವೆ ಎಲೆ ಬಿಟ್ಟು ಏಳುವ ಹಾಗೂ ಇಲ್ಲ. ಏನು ಬೇಕಾದರೂ ಎಡಗೈಯಲ್ಲೇ ಕೇಳುತ್ತಿದ್ದರು. ಐದು ಬೆರಳು ಕೂಡಿಸಿದರೆ ಅನ್ನ, ಅಂಗೈ ಅಡ್ಡ ಹಿಡಿದರೆ ಸಾಕು, ಕಿರುಬೆರಳು ಆಡಿಸಿದರೆ ಉಪ್ಪಿನಕಾಯಿ. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಉಪ್ಪು ಕೇಳಿದ್ದಕ್ಕೆ ನಾನು ತುಪ್ಪ ಬಡಿಸಿ, ಅವರು ಮತ್ತೆ ಕೇಳಿ, ನಾನು ಮತ್ತೆ ತುಪ್ಪ ಬಡಿಸಿ, ಎಲೆಯಲ್ಲಿ ಅನ್ನ ತೇಲುವ ಹಾಗೆ ಮಾಡಿದ್ದೆ. ಅದನ್ನೂ ಅವರು ಮಾತಿಲ್ಲದೆ ಉಂಡು ಎದ್ದಿದ್ದರು. ಎಲೆಯಲ್ಲಿ ಒಂದು ಅಗುಳು ಬಿಡುವುದೂ ಅವರ ನೇಮಕ್ಕೆ ವಿರುದ್ಧ.

ಈ ಮೌನವನ್ನೇ ಉಪಯೋಗಿಸಿಕೊಳ್ಳಬೇಕು ಎಂಬ ಉಪಾಯ ನಮ್ಮ ಯಜಮಾನರದು.

ಅರವತ್ತರ ದಶಕದ ನಡುವಿನ ಮಾತು. ನಮ್ಮದು ಜಯನಗರದಲ್ಲಿ ಹೊಸದಾಗಿ ಕಟ್ಟಿದ ಮನೆ. ಅತ್ತೆ, ಮಾವ, ನಾವಿಬ್ಬರು, ಇಷ್ಟೇ ಜನ. ಮಾವನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಕಚೇರಿ ಬಿಟ್ಟರೂ ಕಚೇರಿಯ ಧ್ವನಿ ಬಿಟ್ಟಿರಲಿಲ್ಲ. ಅವರು ಒಂದು ಸಲ "ಬೇಡ" ಅಂದರೆ ಅದು ಮೊಹರು ಬಿದ್ದ ಕಾಗದದ ಹಾಗೆ. ಮತ್ತೆ ಯಾರೂ ಅದನ್ನು ತೆರೆಯುತ್ತಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ನನಗೊಂದು ಲಕೋಟೆ ಬಂತು. ಅಂಚೆಯವನ ಕೈಯಿಂದ ಇಸಕೊಂಡವರು ಅತ್ತೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಂದು ಬಣ್ಣದ ಸರ್ಕಾರಿ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಕೇಳದೆ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಓದಿದೆ. ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಜರಾಗಬೇಕು. ತಪ್ಪಿದರೆ ಪಟ್ಟಿಯಲ್ಲಿ ನನ್ನ ಕೆಳಗಿರುವವರಿಗೆ ಹೋಗುತ್ತದೆ.

ಮದುವೆಗೆ ಮುಂಚೆ ಚಾಮರಾಜಪೇಟೆಯ ತವರುಮನೆಯಲ್ಲಿದ್ದಾಗ ಟೈಪಿಂಗ್ ಕಲಿತಿದ್ದೆ. ಮೊಮ್ಮಗಳ ಹತ್ತಿರ ಈಗ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತು ಒಂದೇ ಬೆರಳಲ್ಲಿ ಇಷ್ಟು ಬರೆಯಲು ನನಗೆ ನಾಲ್ಕು ದಿನ ಹಿಡಿದಿದೆ. ಆಗ ಹತ್ತು ಬೆರಳೂ ಮಳೆಯ ಹಾಗೆ ಬೀಳುತ್ತಿದ್ದವು. ಮದುವೆಯಾದ ಮೇಲೆ ಆ ಬೆರಳಿಗೆ ಕೆಲಸವೇ ಇಲ್ಲ. ಅಕ್ಕಿ ಆರಿಸುತ್ತಾ ಮೊರದ ಅಂಚಿನ ಮೇಲೆ ಟೈಪು ಮಾಡುತ್ತಿದ್ದೆ. "ಏನೇ ಅದು, ಮೊರಕ್ಕೆ ತಾಳ ಹಾಕ್ತೀಯ?" ಎಂದು ಅತ್ತೆ ಕೇಳಿದ್ದೂ ಉಂಟು. ಕೆಲಸದ ಪರೀಕ್ಷೆಗೆ ಅರ್ಜಿ ಹಾಕಿದ್ದು ನಮ್ಮ ಯಜಮಾನರ ಕುಮ್ಮಕ್ಕಿನಿಂದಲೇ. ಆದರೆ ಅಪ್ಪನಿಗೆ ಹೇಳುವ ಮಾತು ಬಂದಾಗಲೆಲ್ಲ, "ಮೊದ್ಲು ಸಿಗ್ಲಿ, ಆಮೇಲೆ ನೋಡೋಣ" ಅನ್ನುತ್ತಿದ್ದರು. ಈಗ ಸಿಕ್ಕಿತ್ತು. ನೋಡಬೇಕಾಗಿತ್ತು.

ಮಾವನವರ ಅಭಿಪ್ರಾಯ ಗೊತ್ತಿಲ್ಲದ್ದೇನಲ್ಲ. ಎದುರುಮನೆಯ ಸೊಸೆ ಬ್ಯಾಂಕಿನ ಕೆಲಸಕ್ಕೆ ಹೋಗಲು ಬಸ್ಸಿಗೆ ನಿಂತಾಗ, ಜಗಲಿಯಲ್ಲಿ ಪೇಪರ್ ಹಿಡಿದು ಕೂತವರು ಗಟ್ಟಿಯಾಗಿಯೇ ಹೇಳಿದ್ದರು: "ಪಾಪ, ಸೊಸೆ ಸಂಬಳ ಎದುರುನೋಡೋ ಕಾಲ ಬಂತು ಅವರಿಗೆ."

"ಮನೇಲಿ ಹೇಳೋದು ಬೇಡ" ಎಂದರು ಯಜಮಾನರು ಆ ರಾತ್ರಿ. "ಬಾಯ್ತುಂಬ ಬೈತಾರೆ. ಹೋಟ್ಲಿಗೆ ಕರ್ಕೊಂಡು ಹೋಗೋಣ. ಹ್ಯಾಗೂ ನನ್ನ ಕೆಲಸ ಖಾಯಂ ಆಗಿದೆ, ಅದಕ್ಕೆ ಊಟ ಅಂದ್ರಾಯ್ತು. ಅವರು ಆಪೋಶನ ತಗೊಳ್ಳಲಿ. ತಗೊಂಡ ತಕ್ಷಣ ನಾನು ಎಲ್ಲಾ ಹೇಳ್ಬಿಡ್ತೀನಿ. ಮಾತಾಡೋ ಹಾಗಿಲ್ಲ, ಏಳೋ ಹಾಗಿಲ್ಲ. ಪೂರ್ತಿ ಕೇಳಲೇಬೇಕು."

"ಊಟ ಮುಗಿದ ಮೇಲೆ?"

"ನಾಲ್ಕು ಜನರ ಮುಂದೆ ಕೂಗಾಡೋರಲ್ಲ ಅವರು. ಮನೆಗೆ ಬರೋ ಹೊತ್ತಿಗೆ ಕೋಪ ಇಳಿದಿರುತ್ತೆ."

ನನಗೂ ಅದು ಭಾರೀ ಉಪಾಯ ಅನ್ನಿಸಿತು. ಇಪ್ಪತ್ತೆರಡು ವರ್ಷದವಳಿಗೆ ಇನ್ನೇನು ಅನ್ನಿಸೀತು?

ಹೋಟೆಲ್ ಊಟ ಎಂದರೆ ಮಾವನವರು ಒಪ್ಪುವವರಲ್ಲ. ಆದರೆ ಯಡಿಯೂರು ಕೆರೆಯ ಕಡೆಗೆ ಹೊಸದಾಗಿ ತೆರೆದಿದ್ದ ಹೋಟೆಲಿನ ಅಡುಗೆಭಟ್ಟರು ನಮ್ಮ ಮದುವೆಗೆ ಅಡುಗೆ ಮಾಡಿದವರೇ. ಆ ಹೆಸರು ಹೇಳಿದ ಮೇಲೆ ಒಪ್ಪಿದರು. ಶುಕ್ರವಾರ ಸಂಜೆ ಎಂದು ಗೊತ್ತುಮಾಡಿದ್ದೆವು. ಶುಕ್ರವಾರ ಬೆಳಿಗ್ಗೆ ಮಾವನವರು, "ಇವತ್ತು ಹರಿಕಥೆ ಇದೆ ಕಣೋ, ನಾಳೆ ಹೋಗೋಣ" ಎಂದರು. ಆಗಲಿ ಅಂದೆವು. ನಾಳೆಯಾದರೆ ಏನಂತೆ, ಸೋಮವಾರಕ್ಕೆ ಇನ್ನೂ ಒಂದು ದಿನ ಇರುತ್ತದಲ್ಲ.

ಶನಿವಾರ ಸಂಜೆ ಐದೂವರೆಗೇ ಹೊರಟೆವು. ಸಂಧ್ಯಾವಂದನೆಯ ಹೊತ್ತಿಗೆ ಎಲ್ಲ ಮುಗಿಯಬೇಕು ಎಂದು ಮಾವನವರ ಅಪ್ಪಣೆ. ಬೇಸಗೆಯ ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುತ್ತಿತ್ತು. ಮಾವನವರು ಮುಂದೆ, ಕೊಡೆ ಬಿಚ್ಚಿಕೊಂಡು. ಅವರ ಹಿಂದೆ ಯಜಮಾನರು. ಅವರ ಹಿಂದೆ ಅತ್ತೆ ಮತ್ತು ನಾನು. ಲಕೋಟೆ ನನ್ನ ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಂಡಿದ್ದೆ. ಹೆಜ್ಜೆ ಹೆಜ್ಜೆಗೂ ಅದು ಚರ್ ಚರ್ ಅನ್ನುತ್ತಿತ್ತು. ಅತ್ತೆ ಒಂದು ಸಲ ನನ್ನ ಸೊಂಟದ ಕಡೆ ನೋಡಿ, ಮುಂದೆ ನೋಡಿಕೊಂಡು ನಡೆದರು.

ಹೋಟೆಲಿನ ಮಹಡಿಯ ಮೇಲೆ ಬಯಲಿನಲ್ಲಿ ಆರೇಳು ಮೇಜು ಹಾಕಿದ್ದರು. ಇಡೀ ದಿನ ಕಾದ ತಾರಸಿಗೆ ಆಗ ತಾನೇ ನೀರು ಚಿಮುಕಿಸಿದ್ದರಿಂದ ಹಬೆ ಏಳುತ್ತಿತ್ತು. ಪಶ್ಚಿಮಕ್ಕೆ ಕೆರೆ, ಅರ್ಧ ಬತ್ತಿತ್ತು. ಅದರಾಚೆ ಬನಶಂಕರಿಯ ಕಡೆಗೆ ಹೊಲ, ಸಾಲು ಮರ, ಅವುಗಳ ಮೇಲೆ ಸೂರ್ಯ. ಮಾವನವರು ಕೊಡೆ ಮಡಿಸಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಯಜಮಾನರು ಅವರ ಪಕ್ಕ, ನಾನು ಮಾವನವರ ಎದುರಿಗೆ, ನನ್ನ ಪಕ್ಕ ಅತ್ತೆ. ಮಾವನವರಿಗೆ ಬಡಿಸಿ, ಅವರು ಎದ್ದ ಮೇಲೆ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಉಣ್ಣುವುದು ನಮ್ಮ ರೂಢಿ. ಎದುರು ಕೂತು ಎಲ್ಲಿ ನೋಡಬೇಕೆಂದು ತಿಳಿಯದೆ ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಿದ್ದೆ.

ಹೆಗಲ ಮೇಲೆ ಟವಲು ಹಾಕಿದ ವಯಸ್ಸಾದ ಸಪ್ಲೈಯರ್ ಬಂದರು.

"ನಾಲ್ಕು ಊಟ" ಎಂದರು ಯಜಮಾನರು.

"ಊಟ ಏಳು ಗಂಟೆಗೆ ಸಾರ್. ಈಗ ತಿಂಡಿ."

"ಒಳ್ಳೇದೇ ಆಯ್ತು" ಎಂದರು ಮಾವನವರು. "ಇವತ್ತು ಶನಿವಾರ, ರಾತ್ರಿ ಅನ್ನ ಮುಟ್ಟೋಲ್ಲ ನಾನು. ನಂಗೊಂದು ಸಾದಾ ದೋಸೆ."

ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಶನಿವಾರ ರಾತ್ರಿ ಮಾವನವರು ಅನ್ನ ಉಣ್ಣುವುದಿಲ್ಲ, ಫಲಾಹಾರ ಮಾತ್ರ. ಮೂರು ವರ್ಷದಿಂದ ಪ್ರತಿ ಶನಿವಾರ ರಾತ್ರಿ ಅವರಿಗೆ ಉಪ್ಪಿಟ್ಟು ಕೆದಕಿ ಕೊಡುತ್ತಿದ್ದವಳು ನಾನೇ! ಶುಕ್ರವಾರವನ್ನು ಶನಿವಾರಕ್ಕೆ ತಳ್ಳುವಾಗ ಇಬ್ಬರಿಗೂ ಅದು ಹೊಳೆಯಲೇ ಇಲ್ಲ. ತಿಂಡಿಗೆ ಎಲೆ ಇಲ್ಲ. ಎಲೆ ಇಲ್ಲದಿದ್ದರೆ ನೀರು ಕಟ್ಟುವುದಿಲ್ಲ, ಆಪೋಶನ ಇಲ್ಲ. ಆಪೋಶನ ಇಲ್ಲದ ಮೇಲೆ ಮೌನವೂ ಇಲ್ಲ. ದೋಸೆ ತಿನ್ನುತ್ತಾ ಮಾವನವರು ಎಷ್ಟು ಬೇಕಾದರೂ ಮಾತಾಡುತ್ತಾರೆ. ತಿನ್ನುತ್ತಾ "ಬೇಡ" ಅನ್ನಲು ಅವರಿಗೆ ಎಷ್ಟು ಹೊತ್ತು ಬೇಕು?

ಯಜಮಾನರು ಮೇಜಿನ ಅಂಚಿನಲ್ಲಿ ಕೈಯಾಡಿಸಿ ನನಗೆ ಸನ್ನೆ ಮಾಡಿದರು. ಇವತ್ತು ಬೇಡ, ಬಿಡು ಎಂದು. ಇವತ್ತು ಬಿಟ್ಟರೆ ನಾಳೆ ಭಾನುವಾರ. ಭಾನುವಾರವಿಡೀ ಮಾವನವರ ಸ್ನೇಹಿತರು ಜಗಲಿ ತುಂಬಿಕೊಂಡಿರುತ್ತಾರೆ. ಆಮೇಲೆ ಸೋಮವಾರ.

ಅಷ್ಟರಲ್ಲಿ ಅಡುಗೆಭಟ್ಟರು ಸುದ್ದಿ ತಿಳಿದು ತಾವೇ ಮೇಲೆ ಬಂದರು. ಹೊಟ್ಟೆಯ ಮೇಲಿನ ವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ, "ಏನ್ ಸ್ವಾಮೀ, ನೀವು ಬಂದು ದೋಸೆ ತಿಂದು ಹೋಗೋದುಂಟೆ? ಮಾವಿನಕಾಯಿ ಚಿತ್ರಾನ್ನ ಈಗ ತಾನೇ ಕಲಸಿ ಇಳಿಸಿದೀನಿ. ಮೊಸರನ್ನ ಇದೆ. ಊಟದ ಹೊತ್ತು ಆಗದಿದ್ರೂ ನಿಮಗೆ ಬಡಿಸ್ತೀನಿ" ಎಂದರು.

ಮಾವಿನಕಾಯಿ ಚಿತ್ರಾನ್ನ ಎಂದರೆ ಮಾವನವರ ಪ್ರಾಣ. ಅವರು ಕಣ್ಣು ಮುಚ್ಚಿ ತೆರೆದರು. "ಶನಿವಾರ ಭಟ್ರೇ" ಎಂದರು, ಹೇಳಲು ಮನಸ್ಸಿಲ್ಲದವರ ಹಾಗೆ.

ನಾನು ಮಾವನವರ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಏನು ಹೇಳುವುದಿದ್ದರೂ ಅತ್ತೆಗೆ ಹೇಳುವುದು, ಅವರು ಕೇಳಿಸಿಕೊಳ್ಳುವುದು. ಹಾಗಾಗಿ ಅತ್ತೆಯ ಕಡೆ ತಿರುಗಿದೆ.

"ಅತ್ತೆ, ರಾತ್ರಿ ಅಂದ್ರೆ ಹೊತ್ತು ಮುಳುಗಿದ ಮೇಲೆ ಅಲ್ವಾ?"

ಅತ್ತೆ ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಕೆರೆಯ ಕಡೆ ನೋಡಿ, "ಹೌದಲ್ಲ. ಹೊತ್ತು ಇನ್ನೂ ಒಂದು ಮಾರು ಮೇಲಿದೆ ನೋಡ್ರೀ" ಎಂದರು.

ಮಾವನವರು ಕೈಯನ್ನು ಹಣೆಗೆ ಅಡ್ಡ ಹಿಡಿದು ಸೂರ್ಯನನ್ನು ನೋಡಿದರು. ಜೇಬಿನಿಂದ ಗಡಿಯಾರ ತೆಗೆದು ಅದನ್ನೂ ನೋಡಿದರು. ಶಿರಸ್ತೇದಾರರಾಗಿದ್ದಾಗ ಇಂಥ ಎಷ್ಟು ಕಡತ ನೋಡಿರಬೇಡ! "ಅಸ್ತಕ್ಕೆ ಇನ್ನೂ ಇಪ್ಪತ್ತೈದು ನಿಮಿಷ ಇದೆ" ಎಂದರು. "ಹಗಲು ಹಗಲೇ. ಆದ್ರೆ ಅಷ್ಟರಲ್ಲಿ ಎಲೆ ಎತ್ತಿರಬೇಕು. ಹಾಕ್ಸಿ ಭಟ್ರೇ."

ಎಲೆ ಬಂತು. ನಾಲ್ಕು ಎಲೆ. ಚಿತ್ರಾನ್ನ ಬಿತ್ತು, ಹಪ್ಪಳ ಬಂತು, ಕೋಸಂಬರಿ ಬಂತು. ಮಾವನವರು ಎಲೆಯ ಸುತ್ತ ನೀರು ಕಟ್ಟಿದರು. ಅಂಗೈಯಲ್ಲಿ ನೀರು ಹಿಡಿದರು. ಕುಡಿದರು.

ಬಾಯಿ ಮುಚ್ಚಿತು.

ನಾನು ಯಜಮಾನರನ್ನು ನೋಡಿದೆ. ಅವರು ಗಂಟಲು ಸರಿ ಮಾಡಿಕೊಂಡರು. "ಅಪ್ಪ" ಎಂದರು. ಮಾವನವರು ತುತ್ತು ಕಲಸುತ್ತಾ ಹುಬ್ಬು ಏರಿಸಿದರು.

"ಅಪ್ಪ... ಮಾವಿನಕಾಯಿ ಹುಳಿ ಜಾಸ್ತಿ ಆಯ್ತಾ?"

ಮಾವನವರು ಇಲ್ಲವೆಂದು ತಲೆಯಾಡಿಸಿದರು. ಯಜಮಾನರು ಹಪ್ಪಳ ಮುರಿದರು. ನೀರು ಕುಡಿದರು. ಈ ವರ್ಷ ಕೆರೆ ಬೇಗ ಬತ್ತಿದೆ ಅಂದರು. ತಾರಸಿಯ ಮೇಲೆ ಗಾಳಿ ಚೆನ್ನಾಗಿದೆ ಅಂದರು. ಅತ್ತ ಸೂರ್ಯ ಸಾಲು ಮರದ ತುದಿ ಮುಟ್ಟಿದ. ಮಾವನವರ ಎಲೆಯಲ್ಲಿ ಚಿತ್ರಾನ್ನ ಅರ್ಧಕ್ಕೆ ಬಂದಿತ್ತು. ಅವರು ಹೊತ್ತು ನೋಡಿಕೊಂಡು ಬೇಗ ಬೇಗ ಉಣ್ಣುತ್ತಿದ್ದರು. ನಾನು ಯಜಮಾನರ ಕಾಲನ್ನು ತುಳಿದೆ. ಅವರು ನನ್ನ ಕಡೆ ತಿರುಗಿದಾಗ ಕಣ್ಣಿನಲ್ಲಿ ನೀರು ತುಂಬಿತ್ತು. ಮೆಣಸಿನಕಾಯಿಯ ಖಾರವೋ, ಹೆದರಿಕೆಯೋ, ನಾನು ತುಳಿದದ್ದೇ ಜೋರಾಯಿತೋ, ಇವತ್ತಿಗೂ ಗೊತ್ತಿಲ್ಲ. ಅವರಿಂದ ಆಗುವುದಿಲ್ಲ ಎನ್ನುವುದು ಮಾತ್ರ ಗೊತ್ತಾಯಿತು.

"ಅತ್ತೆ" ಎಂದೆ. ನನ್ನ ಧ್ವನಿ ನನಗೇ ಬೇರೆಯವರ ಧ್ವನಿಯ ಹಾಗೆ ಕೇಳಿಸಿತು. "ಅತ್ತೆ, ನಂಗೊಂದು ಕೆಲಸ ಸಿಕ್ಕಿದೆ."

ಅತ್ತೆಯ ಕೈ ನಿಲ್ಲಲಿಲ್ಲ. ಕೋಸಂಬರಿ ಬಾಯಿಗೆ ಹಾಕಿಕೊಂಡು, "ಎಂಥಾ ಕೆಲ್ಸನಮ್ಮ?" ಎಂದರು, ಬೆಳಿಗ್ಗೆ ಯಾವ ಸೊಪ್ಪು ತಂದೆ ಎಂದು ಕೇಳುವ ಹಾಗೆ.

"ಟೈಪಿಸ್ಟ್ ಕೆಲಸ. ಸರ್ಕಾರೀ ಕಚೇರೀಲಿ."

ಮಾವನವರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಗಂಟಲಲ್ಲಿ "ಹ್ಞೂಂ!" ಎಂಬ ಸದ್ದು ಬಂತು.

"ಕಚೇರೀಲಿ ಹೆಂಗಸರು ಇದಾರೇನೇ?"

"ಮೂರು ಜನ ಇದಾರತ್ತೆ. ಟೈಪ್ ಮಾಡೋರಿಗೇ ಬೇರೆ ಕೋಣೆ."

"ಹ್ಞೂಂ! ಹ್ಞೂಂ!" ಮಾವನವರು ಎಡಗೈ ಎತ್ತಿ, ಬೆರಳೆಲ್ಲ ಕೂಡಿಸಿ, ನನ್ನತ್ತ ಕುಲುಕಿದರು. ಏನಿದು, ಏನು ನಡೆದಿದೆ ಇಲ್ಲಿ ಎಂದು ಕೇಳಿದ್ದು ಅವರು. ಸಪ್ಲೈಯರಿಗೆ ಹಾಗೆ ಕಾಣಲಿಲ್ಲ. ಓಡಿ ಬಂದು ಒಂದು ದೊಡ್ಡ ಸೌಟು ಚಿತ್ರಾನ್ನ ಎಲೆಗೆ ಬಡಿಸಿಬಿಟ್ಟರು.

"ಯಾವತ್ತು ಹೋಗ್ಬೇಕು?" ಎಂದರು ಅತ್ತೆ.

"ಸೋಮವಾರ ಹತ್ತು ಗಂಟೆಗೆ. ಹೋಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರೆ. ಬೆಳಗಿನ ಅಡುಗೆ ಮುಗಿಸೇ ಹೋಗ್ತೀನಿ ಅತ್ತೆ. ಸಂಜೆ ಬಂದು ದೀಪ ಹಚ್ಚೋದೂ ನಾನೇ."

ಮಾವನವರು ಮಗನತ್ತ ತಿರುಗಿ ಎಡಗೈಯನ್ನು ಇನ್ನೂ ಜೋರಾಗಿ ಕುಲುಕಿದರು. "ಬಂದೆ ಸಾರ್" ಎಂದು ಸಪ್ಲೈಯರ್ ಇನ್ನೊಂದು ಸೌಟು ಹಾಕಿದರು. ಪಕ್ಕದ ಮೇಜಿನಲ್ಲಿ ತಿಂಡಿ ತಿನ್ನುತ್ತಿದ್ದ ಸಂಸಾರ ಈ ಕಡೆಯೇ ನೋಡುತ್ತಿತ್ತು. ಮುದುಕರಿಗೆ ಎಷ್ಟು ಹಸಿವೋ ಅಂದುಕೊಂಡಿರಬೇಕು. ಮಾವನವರ ಎಲೆಯ ಮೇಲೆ ಹಳದಿ ಗುಡ್ಡ. ಬಿಡುವಂತಿಲ್ಲ. ಏಳುವಂತಿಲ್ಲ. ಸೂರ್ಯ ಅರ್ಧ ಮರದೊಳಗೆ ಇಳಿದಿದ್ದ. ಅವರು ನನ್ನ ಮುಖದಿಂದ ಕಣ್ಣು ಕಿತ್ತು, ತಲೆ ತಗ್ಗಿಸಿ ತುತ್ತಿನ ಮೇಲೆ ತುತ್ತು ಹಾಕಿಕೊಳ್ಳತೊಡಗಿದರು. ಕಿವಿಗಳು ಕೆಂಪಗಾಗಿದ್ದವು.

ನಗು ಬರಬೇಕಾದ ಹೊತ್ತು. ಬರಲಿಲ್ಲ. ಎದುರಿಗೆ ಬಿಳಿ ತಲೆಯ ಮನುಷ್ಯರೊಬ್ಬರು ಬಾಯಿ ಬಿಡಲಾರದೆ, ನಾನು ಹೇಳುವುದನ್ನೆಲ್ಲ ಅನ್ನದ ಜೊತೆ ನುಂಗುತ್ತಿದ್ದರು. ಉಪಾಯ ಫಲಿಸಿತ್ತು. ಅದಕ್ಕೇ ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ ವಾಪಸು, ಯಾವ ದಿನ ರಜ, ಎಲ್ಲ ಅತ್ತೆಗೆ ಹೇಳಿದೆ. ಅತ್ತೆ ಒಂದೊಂದಕ್ಕೂ ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಲಕೋಟೆ ಕೈಗೆ ಬಂದ ದಿನದಿಂದ ಯೋಚಿಸಿಟ್ಟುಕೊಂಡಿದ್ದರೋ ಏನೋ.

ಕೊನೆಯ ಅಗುಳು ಹೋಯಿತು. ಮಾವನವರು ಅಂಗೈಯಲ್ಲಿ ನೀರು ಹಿಡಿದು ಕುಡಿದರು. ಊಟ ಮುಗಿಯಿತು. ಇನ್ನು ಅವರು ಮಾತಾಡಬಹುದು.

ಅವರು ಮಾತಾಡಲಿಲ್ಲ. ಎದ್ದು ಕೈ ತೊಳೆದುಕೊಂಡು, ಸಪ್ಲೈಯರ್ ಕೈಯಿಂದ ಒಂದು ಚೊಂಬು ನೀರು ಇಸಕೊಂಡು ತಾರಸಿಯ ಮೂಲೆಗೆ ಹೋಗಿ ಪಶ್ಚಿಮಕ್ಕೆ ನಿಂತರು. ಸಂಧ್ಯಾವಂದನೆಯ ಹೊತ್ತಾಗಿತ್ತು.

ಮೇಜಿಗೆ ಕಾಫಿ ಬಂತು. ಯಾರೂ ಮುಟ್ಟಲಿಲ್ಲ. "ಹೇಳಿದ್ದಾಯ್ತಲ್ಲ" ಎಂದು ಯಜಮಾನರು ಪಿಸುಗುಟ್ಟಿದರು. "ನೀನೆಲ್ಲಿ ಹೇಳ್ದೆಯೋ?" ಎಂದರು ಅತ್ತೆ. ತಾರಸಿಯ ಬಲ್ಬುಗಳು ಹತ್ತಿಕೊಂಡವು. ಮೂಲೆಯಲ್ಲಿ ಮಾವನವರ ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟು ನಿಧಾನವಾಗಿ ಸಂಧ್ಯಾವಂದನೆ ಮಾಡಿದ್ದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ.

ಬಂದು ಕೂತರು. ಆರಿದ ಕಾಫಿಯನ್ನು ಒಂದು ಪಕ್ಕಕ್ಕೆ ಸರಿಸಿದರು.

"ಉಣ್ಣೋವಾಗ ಕಿವಿ ಮೇಲೆ ಬಿದ್ದಿದ್ದನ್ನ ನಾನು ಕೇಳಿದ ಹಾಗಲ್ಲ" ಎಂದರು. "ಈಗ ಹೇಳಿ."

"ಅಪ್ಪ, ಅದು ಏನಂದ್ರೆ..." ಎಂದರು ಯಜಮಾನರು.

"ನೀನಲ್ಲ. ಅವಳು ಹೇಳ್ಲಿ."

ನಾನು ಅಭ್ಯಾಸಬಲದಿಂದ ಅತ್ತೆಯ ಕಡೆ ತಿರುಗಿದೆ. "ಅಲ್ಲಿ ಅಲ್ಲ, ಇಲ್ಲಿ" ಎಂದರು ಮಾವನವರು, ಮೇಜಿನ ಮೇಲೆ ಬೆರಳು ಕುಟ್ಟಿ.

ಮೂರು ವರ್ಷದಲ್ಲಿ ಮೊದಲ ಸಲ ಅವರ ಕಣ್ಣನ್ನು ನೇರವಾಗಿ ನೋಡಿದೆ. ಕೆಲಸ ಸಿಕ್ಕಿದೆ ಮಾವ, ಎಂದೆ. ಸೋಮವಾರ ಹತ್ತಕ್ಕೆ ಹಾಜರಾಗಬೇಕು, ನನಗೆ ಹೋಗಬೇಕು ಅಂತ ತುಂಬ ಆಸೆ, ಎಂದೆ. ಲಕೋಟೆ ತೆಗೆದು ಮುಂದಿಟ್ಟೆ. ಅವರು ಅದನ್ನು ಬಲ್ಬಿನ ಕೆಳಗೆ ಹಿಡಿದು, ಮೊದಲಿಂದ ಕೊನೆಯವರೆಗೆ, ಸಹಿ ಮೊಹರು ಸಮೇತ ಓದಿದರು.

"ಪರೀಕ್ಷೆ ಯಾವಾಗ ಕಟ್ಟಿದ್ದು?"

"ಸಂಕ್ರಾಂತಿ ಆದ್ಮೇಲೆ. ಅಮ್ಮನ ಮನೆಗೆ ಹೋಗಿದ್ನಲ್ಲ ಮಾವ, ಅವತ್ತು."

"ಅಂದ್ರೆ ಸುಳ್ಳು ಹೇಳಿ ಹೋಗಿದ್ದೆ."

"ಅಮ್ಮನ ಮನೆಗೂ ಹೋಗಿದ್ದೆ ಮಾವ. ಪರೀಕ್ಷೆ ಮುಗಿಸ್ಕೊಂಡು."

ಅತ್ತೆಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು. ಮಾವನವರು ಅವರ ಕಡೆ ಒಂದು ನೋಟ ಬೀರಿ, ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟರು. ಅದರ ಮೇಲೆ ಕೈ ಇಟ್ಟುಕೊಂಡೇ ಇದ್ದರು.

"ನನ್ನ ಬಾಯಿ ಕಟ್ಟಿರೋ ಹೊತ್ತು ನೋಡ್ಕೊಂಡು ಹೇಳಿದ್ರಿ. ಮೂರು ಜನಾನೂ ಸೇರ್ಕೊಂಡು. ನಾನು ಅಷ್ಟು ಕೆಟ್ಟವನೇನಮ್ಮ?"

ಅವರ ಕೋಪಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ. ಈ ಧ್ವನಿಗೆ ಮಾಡಿಕೊಂಡಿರಲಿಲ್ಲ. ಯಜಮಾನರು ತಲೆ ಎತ್ತಲಿಲ್ಲ.

"ಕೆಟ್ಟವರಲ್ಲ ಮಾವ" ಎಂದೆ. "ಆದ್ರೆ ನೀವು ಅರ್ಧ ಕೇಳೋವಷ್ಟರಲ್ಲೇ ಬೇಡ ಅಂದ್ಬಿಡ್ತೀರಿ. ಅಂದ ಮೇಲೆ ನೀವೂ ಅದನ್ನ ವಾಪಸ್ ತಗೊಳೋಕಾಗೋಲ್ಲ. ಪೂರ್ತಿ ಕೇಳ್ಲಿ ಅಂತ ಹೀಗೆ ಮಾಡಿದ್ವಿ. ತಪ್ಪಾಯ್ತು."

"ಈಗ ಪೂರ್ತಿ ಕೇಳಿದೀನಿ. ಈಗ ಬೇಡ ಅಂದ್ರೆ?"

ಕೆರೆಯ ಕಡೆಯಿಂದ ಕಪ್ಪೆಯ ಸದ್ದು ಬರುತ್ತಿತ್ತು. ಅವರ ಕೈ ಇನ್ನೂ ಕಾಗದದ ಮೇಲಿತ್ತು. ಅದನ್ನು ಹರಿದು ಹಾಕಿದರೆ ಮೇಜಿನಲ್ಲಿದ್ದ ಯಾರೂ ತಡೆಯುತ್ತಿರಲಿಲ್ಲ, ನಾನೂ ತಡೆಯುತ್ತಿರಲಿಲ್ಲ.

"ಹೋಗೋಲ್ಲ ಮಾವ" ಎಂದೆ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ನನ್ನ ನಾಲಿಗೆ ಯಾವತ್ತು ನಿಂತಿದೆ? "ಆದ್ರೆ ನೀವು ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳ್ತಾ ಇರ್ತೀನಿ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆದರೂ ನಗು ತಡೆಯಲಿಲ್ಲ. ಗಟ್ಟಿಯಾಗಿ, ಮೈ ಕುಲುಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಮಾವನವರು ನಗಲಿಲ್ಲ. ಹೆಂಡತಿ ನಗುವುದನ್ನೇ ಕೊಂಚ ಹೊತ್ತು ನೋಡಿದರು. ಬಯಲಿನಲ್ಲಿ, ನಾಲ್ಕು ಜನರ ಎದುರು ಅತ್ತೆ ಹಾಗೆ ನಕ್ಕದ್ದನ್ನು ಅವರು ಕೂಡ ನೋಡಿರಲಿಕ್ಕಿಲ್ಲ.

ಆಮೇಲೆ ಕಾಗದವನ್ನು ನನ್ನ ಕಡೆ ತಳ್ಳಿ, ಕೊಡೆ ತೆಗೆದುಕೊಂಡು ಎದ್ದರು.

"ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ" ಎಂದರು. "ಏಳೂಕಾಲಿಗೇ ಮನೆ ಬಿಡ್ಬೇಕು."

"ಕಚೇರಿ ಹತ್ತು ಗಂಟೆಗೆ ಮಾವ. ಒಂಬತ್ತರ ಮೇಲೆ ಹೊರಟ್ರೂ..."

"ಏಳೂಕಾಲು ಅಂದೆ. ಹೋಗಿ ಕೂತಿರು."

ನಾನು ಬಾಯಿ ಮುಚ್ಚಿಕೊಂಡೆ.

ವಾಪಸು ಬರುವಾಗ ಮಾವನವರು ಮುಂದೆ, ನಾವು ಮೂವರೂ ಹಿಂದೆ. ಮಗನ ಜೊತೆ ಅವರು ಹದಿನೈದು ದಿನ ಮಾತಾಡಲಿಲ್ಲ. ಉಪಾಯ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಮರುದಿನ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತು, ಎಲೆಗೆ ನೀರು ಕಟ್ಟಿ, ಅಂಗೈಯಲ್ಲಿ ನೀರು ಹಿಡಿದವರು ಕುಡಿಯದೆ ನಿಲ್ಲಿಸಿದರು. ಬಡಿಸುತ್ತಿದ್ದ ನನ್ನನ್ನು, ಅಡುಗೆಮನೆ ಬಾಗಿಲಲ್ಲಿದ್ದ ಅತ್ತೆಯನ್ನು, ಪಕ್ಕದ ಎಲೆಯ ಮಗನನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ."

ಯಾರಿಗೂ ಇರಲಿಲ್ಲ. ಅವರು ಇರುವಷ್ಟು ಕಾಲವೂ ದಿನಾ ಹೀಗೇ ಕೇಳಿ, ಆಮೇಲೆಯೇ ಆಪೋಶನ ತೆಗೆದುಕೊಂಡರು.

ಸೋಮವಾರ ನಾಲ್ಕಕ್ಕೇ ಎದ್ದು ಅಡುಗೆ ಮುಗಿಸಿದೆ. ಏಳೂಕಾಲಿಗೆ ಸರಿಯಾಗಿ ಮಾವನವರು ಗಡಿಯಾರ ಹಿಡಿದು ಜಗಲಿಯಲ್ಲಿ ನಿಂತಿದ್ದರು. ಅತ್ತೆ ನನ್ನ 'ಟಿಫಿನ್ ಡಬ್ಬಿ' ತಂದುಕೊಟ್ಟು, ಸೆರಗು ಸರಿ ಮಾಡಿ, "ಮೊರಕ್ಕೆ ಇನ್ನು ಪುರುಸೊತ್ತು" ಎಂದರು. ಯಜಮಾನರು ಬಸ್ ಸ್ಟಾಪಿನವರೆಗೆ ಬಂದರು. ಎಂಟಕ್ಕೆ ಕಚೇರಿ ಮುಟ್ಟಿದಾಗ ಬಾಗಿಲಿಗೆ ಬೀಗ. ಕಾವಲುಗಾರ ಕಸ ಗುಡಿಸುತ್ತಿದ್ದ. ಯಾರು ಬೇಕಮ್ಮ ಎಂದು ಕೇಳಿದ. ಇಲ್ಲಿ ಕೆಲಸಕ್ಕೆ ಸೇರೋಕೆ ಬಂದೆ ಅಂದೆ.

"ಹತ್ತು ಗಂಟೆಗಲ್ವಾ?"

"ಹೌದು" ಎಂದು ಕಲ್ಲಿನ ಮೆಟ್ಟಿಲ ಮೇಲೆ ಕೂತೆ. ಎರಡು ಗಂಟೆ ಹೊತ್ತು. ಬಿಸಿಲು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿತ್ತು, ನಾನು ಒಂದೊಂದೇ ಮೆಟ್ಟಿಲು ಮೇಲೆ ಸರಿಯುತ್ತಾ ಬಾಗಿಲವರೆಗೂ ಹೋದೆ.